ಸಾಕ್ರೆಟಿಸನದು ಸಲ್ಲೇಖನವೇ?

ದಶಲಕ್ಷಣ ಪರ್ವದ ಒಂದು ಸಂಜೆ ಸ್ವಾಧ್ಯಾಯ ಮುಗಿದ ಮೇಲೆ, ಕಾಲೇಜು ಓದುವ ನನ್ನ ತಮ್ಮನ ಮಗ ಕೇಳಿದ: "ದೊಡ್ಡಪ್ಪ, ವಿಷದ ಬಟ್ಟಲನ್ನು ತಾನೇ ಎತ್ತಿ ಕುಡಿದ ಸಾಕ್ರೆಟಿಸನದು ಸಲ್ಲೇಖನವಲ್ಲವೆ?" 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದೆಣಿಸಿ ತೀರ್ಪಿತ್ತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿದುದು ಓದುಗರಿಗೆ ತಿಳಿದೇ ಇದೆ. ಆದುದರಿಂದ ಹುಡುಗನ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾಗಲಿಲ್ಲ.

ಅಲ್ಲವೆಂದೇ ನನ್ನ ಅಭಿಪ್ರಾಯ. ಗಂಗರ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವನ್ನಾಚರಿಸಿ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಹೇಳುತ್ತದೆ. ಅದು ಗುರುವಿನ ಅನುಮತಿಯಿಂದ ತಾನಾಗಿ ಕೈಗೊಂಡ ವ್ರತ. ಸಾಕ್ರೆಟಿಸನಿಗಾದರೋ ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯೇ ಮರಣದಂಡನೆ ವಿಧಿಸಿತ್ತು. ನಗರದ ದೇವರುಗಳನ್ನು ಮನ್ನಿಸುವುದಿಲ್ಲ, ತರುಣರನ್ನು ಕೆಡಿಸುತ್ತಾನೆ ಎಂಬುದು ದೂರು. ಕೇವಲ 30 ಮತಗಳು ಈಚೆಗೆ ಬಂದಿದ್ದರೆ ಆ 70ರ ವೃದ್ಧನು ಮನೆಗೆ ಮರಳುತ್ತಿದ್ದನು.

ಡೀಲಾಸ್ ದ್ವೀಪಕ್ಕೆ ಪೂಜೆಗೆ ಹೋದ ಹಡಗು ಹಿಂದಿರುಗುವವರೆಗೆ ಯಾರನ್ನೂ ವಧಿಸಕೂಡದೆಂಬ ಕಟ್ಟಳೆ ಅಥೆನ್ಸಿನಲ್ಲಿತ್ತು. (ನಮ್ಮ ಪರ್ವದಿನಗಳ ಜೀವದಯೆಯ ನೆನಪಾಗದಿರದು.) ಆ ಬಿಡುವಿನಲ್ಲಿ ಗೆಳೆಯ ಕ್ರೀಟೋ ಹಣ ಚೆಲ್ಲಿ ಅವನನ್ನು ಸೆರೆಯಿಂದ ಪಾರುಮಾಡಲು ಸಿದ್ಧನಾದ. ಸಾಕ್ರೆಟಿಸ್ ಒಪ್ಪಲಿಲ್ಲ. ಬೇಡವೆನಿಸಿದರೆ ಊರು ಬಿಡುವ ಸ್ವಾತಂತ್ರ್ಯವಿದ್ದೂ 70 ವರ್ಷ ಈ ಕಾನೂನಿನ ನೆರಳಿನಲ್ಲಿಯೇ ಬಾಳಿದವನು, ತನಗೆ ನಷ್ಟವಾದ ದಿನ ಒಪ್ಪಂದವನ್ನು ಮುರಿಯಬಹುದೇ ಎಂಬುದು ಅವನ ವಾದ. ಕೊಟ್ಟೂರಿನ ಮಂಡಿಯಲ್ಲಿ ಶೇಂಗಾ ವ್ಯಾಪಾರ ಮಾಡಿದ ನನಗೆ ಈ ವಾದ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನ ಧಾರಣೆಗೆ ಮಾತು ಕೊಟ್ಟು, ಧಾರಣೆ ಬಿದ್ದಾಗ ಮರೆತವರನ್ನು ಕಂಡಿದ್ದೇನೆ. ಒಮ್ಮೆ ನಾನೂ ಮರೆತೆ. ಆ ರೈತನ ಮುಖ ಇಂದಿಗೂ ಕಣ್ಣ ಮುಂದಿದೆ.

ನನ್ನನ್ನು ತಡೆದು ನಿಲ್ಲಿಸುವುದು ಅವನ ಕೊನೆಯ ಮಾತು. ಅಸ್ಕ್ಲೀಪಿಯಸ್ ದೇವರಿಗೆ ಹುಂಜವೊಂದು ಸಲ್ಲಬೇಕಾಗಿದೆ, ಮರೆಯದೆ ತೀರಿಸೆಂದು ಕ್ರೀಟೋವಿಗೆ ಹೇಳಿದನೆಂದು ಪ್ಲೇಟೋ ಬರೆದಿದ್ದಾನೆ. ಪ್ರಾಣ ಹೋಗುವ ಗಳಿಗೆಯಲ್ಲೂ ಬಾಕಿಯನ್ನು ನೆನೆದವನಿಗೆ ಕೈಮುಗಿಯಬೇಕೆನಿಸುತ್ತದೆ. ಆದರೆ ಆ ಬಾಕಿ ಒಂದು ಜೀವ! ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದುದನ್ನು ಜನ್ನನಲ್ಲಿ ಓದಿದವರು ನಾವು. ತನ್ನ ಪ್ರಾಣವನ್ನು ತೃಣವೆಂದು ಬಗೆದ ಜ್ಞಾನಿಗೆ ಹುಂಜದ ಪ್ರಾಣ ಕಾಣದೆ ಹೋಯಿತೇಕೆ?

"ಹಾಗಾದರೆ ಕ್ರೀಟೋನ ಜಾಗದಲ್ಲಿ ನೀವಿದ್ದಿದ್ದರೆ?" ಎಂದ ಹುಡುಗ. ಗೆಳೆಯನ ಕೊನೆಯ ಮಾತು ಒಂದು ಕಡೆ, ಹುಂಜದ ಕೊರಳು ಇನ್ನೊಂದು ಕಡೆ. ಬಹಳ ಹೊತ್ತು ಯೋಚಿಸಿ, ಹುಂಜದ ಬೆಲೆಯನ್ನು ಗುಡಿಗೆ ಕಟ್ಟಿ ಹುಂಜವನ್ನು ಬಿಟ್ಟುಬಿಡುತ್ತಿದ್ದೆನೆಂದೆ. ಅದು ವ್ಯಾಪಾರಿಯ ಉತ್ತರವೆಂದು ಅವನು ನಕ್ಕ.