ದಾಸೋಹವೂ ತರುಣರ ಮನ್ನಣೆಯೂ

'ದಾಸೋಹ'ವೆಂಬ ಶಬ್ದದಲ್ಲಿ ದಾಸ, ಅಹಂ ಎಂಬೆರಡು ಪದಗಳು ಕೂಡಿವೆ. 'ನಾನು ದಾಸನು' ಎಂಬುದು ಅದರ ಅಕ್ಷರಾರ್ಥ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಈ ಮೇಲುಕೀಳು ತಲೆಕೆಳಗಾಗುತ್ತದೆ. ನೀಡುವವನೇ ಕಿಂಕರನು, ಸ್ವೀಕರಿಸುವವನೇ ಒಡೆಯನು. ಅನ್ನದ ವಿಷಯದಲ್ಲಿ ಈ ಭೇದವನ್ನು ಸದ್ಭಕ್ತರು ಚೆನ್ನಾಗಿ ಬಲ್ಲರು. ಮಠದ ಪಂಕ್ತಿಯಲ್ಲಿ ಕುಳಿತವನನ್ನು 'ನೀನು ಏನು ಸಾಧಿಸಿ ಬಂದೆ?' ಎಂದು ಯಾರೂ ಕೇಳುವುದಿಲ್ಲ. ಹಸಿದಿರುವುದೇ ಅವನ ಅರ್ಹತೆ. ಆದರೆ ಮನುಷ್ಯನಿಗೆ ಹಸಿವು ಒಂದೇ ಬಗೆಯದಲ್ಲ. ಹದಿನಾಲ್ಕರಿಂದ ಹದಿನೆಂಟರವರೆಗಿನ ವಯಸ್ಸಿನಲ್ಲಿ ಅನ್ನದ ಹಸಿವಿಗಿಂತಲೂ ತೀವ್ರವಾದ ಇನ್ನೊಂದು ಹಸಿವು ಹುಟ್ಟುತ್ತದೆ. 'ನಾನೂ ಒಬ್ಬನು ಇದ್ದೇನೆ' ಎಂಬುದನ್ನು ಊರಿನ ಹಿರಿಯರು ಕಂಡು ಒಪ್ಪಬೇಕೆಂಬ ಹಸಿವು ಅದು. ಅದಕ್ಕೆ ನೀಡುವ ಪ್ರಸಾದವೇ ಮನ್ನಣೆ. ಈ ಪ್ರಸಾದವನ್ನು ಬಡಿಸುವಾಗ ಮಾತ್ರ ಭಕ್ತರು ದಾಸೋಹವನ್ನು ಮರೆತು ದಾನಿಗಳಾಗಿಬಿಡುವುದುಂಟು.

ವೀರಶೈವರಲ್ಲಿ ಶಿಶುವು ಭೂಮಿಗೆ ಬರುವ ಮೊದಲೇ ಗರ್ಭಕ್ಕೆ ಲಿಂಗಧಾರಣ ಮಾಡುವ ಸಂಪ್ರದಾಯವಿದೆ. ಗರ್ಭಿಣಿಗೆ ಎಂಟನೆಯ ತಿಂಗಳಾದಾಗ ಗುರುವು ಆ ಸಂಸ್ಕಾರವನ್ನು ನಡೆಸುತ್ತಾನೆ. ಹುಟ್ಟಿದ ಬಳಿಕ ಕೂಸಿಗೆ ವಿಭೂತಿಯನ್ನು ಧರಿಸಿ ಲಿಂಗವನ್ನು ಕಟ್ಟುತ್ತಾರೆ. ಆ ಕೂಸು ಆಗ ಏನನ್ನು ಓದಿತ್ತು? ಯಾವ ಪಂದ್ಯವನ್ನು ಗೆದ್ದಿತ್ತು? ಏನೂ ಇಲ್ಲದಿದ್ದರೂ ಸಮಾಜವು ಅದನ್ನು ಲಿಂಗಸ್ವರೂಪಿಯೆಂದು ಮನ್ನಿಸಿತು. ಸಾಧನೆಗೆ ಮೊದಲೇ ಮನ್ನಣೆ, ಮನ್ನಣೆಯ ಬಲದಿಂದ ಸಾಧನೆ ಎಂಬುದು ಈ ಸಂಸ್ಕಾರದ ಕ್ರಮ. ಅದೇ ಕೂಸು ಬೆಳೆದು ಮೀಸೆ ಚಿಗುರುವ ವಯಸ್ಸಿಗೆ ಬಂದಾಗ ಕ್ರಮವು ಹಿಂದುಮುಂದಾಗುವುದೇಕೆ? ಮೊದಲು ಅಂಕಪಟ್ಟಿಯನ್ನು ತೋರಿಸು, ಆಮೇಲೆ ನಿನ್ನ ಮುಖವನ್ನು ನೋಡುತ್ತೇವೆ ಎಂಬಂತೆ ಹಿರಿಯರು ನಡೆಯುವುದು ಲಿಂಗ ಕಟ್ಟಿದ ಕೈಗೆ ತಕ್ಕುದಲ್ಲ.

ಬಸವಣ್ಣನವರ ಚರಿತ್ರೆಯನ್ನೇ ನೋಡಬೇಕು. ಹರಿಹರನು ರಗಳೆಯಲ್ಲಿ ಚಿತ್ರಿಸಿದಂತೆ, ತಂದೆತಾಯಿಗಳನ್ನು ಕಳೆದುಕೊಂಡ ಆ ತರುಣನು ಕರ್ಮಮಾರ್ಗವನ್ನೂ ಜನಿವಾರವನ್ನೂ ತೊರೆದು, ಬಂಧುಗಳನ್ನು ಬಿಟ್ಟು, ಬಾಗೆವಾಡಿಯಿಂದ ಕಪ್ಪಡಿ ಸಂಗಮಕ್ಕೆ ನಡೆದು ಬಂದನು. ಮನೆ ಬಿಟ್ಟು ಬಂದ ಹುಡುಗನನ್ನು ಲೋಕವು ಸಾಮಾನ್ಯವಾಗಿ ಏನೆಂದು ಕರೆಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಸಂಗಮದ ಈಶಾನ್ಯ ಗುರುವು ಹಾಗೆ ಕರೆಯಲಿಲ್ಲ. ಆಶ್ರಯವನ್ನಿತ್ತನು, ಅಷ್ಟಕ್ಕೇ ನಿಲ್ಲದೆ ಸಂಗಮನಾಥನ ಪೂಜೆಯ ಹೊಣೆಯನ್ನೇ ಆ ತರುಣನ ಕೈಗೆ ಒಪ್ಪಿಸಿದನು. ಮನ್ನಣೆಯ ಸಾರವು ಇಲ್ಲಿದೆ. ಅನ್ನವನ್ನಿಕ್ಕಿ ಬೆನ್ನು ತಟ್ಟುವುದು ಅರ್ಧ. ನಂಬಿ ಒಂದು ಕೆಲಸವನ್ನು ಒಪ್ಪಿಸುವುದು ಉಳಿದರ್ಧ. ಈಶಾನ್ಯ ಗುರುವಿನ ಹೆಸರನ್ನು ಇಂದು ಬಲ್ಲವರು ಎಷ್ಟು ಮಂದಿ? ಆತನು ನೆಟ್ಟ ಸಸಿಯ ನೆರಳಿನಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕು ಜನರು ಕುಳಿತಿದ್ದಾರೆ.

ಆ ಉಪಕಾರವನ್ನು ಬಸವಣ್ಣನವರು ಕಲ್ಯಾಣದಲ್ಲಿ ತೀರಿಸಿದರೆಂದು ಹೇಳಬಹುದು. ಅಕ್ಕನಾಗಮ್ಮನ ಮಗನಾದ ಚೆನ್ನಬಸವಣ್ಣನು ವಯಸ್ಸಿನಲ್ಲಿ ಎಲ್ಲರಿಗೂ ಕಿರಿಯನು, ಸೋದರಮಾವನ ಮನೆಯಲ್ಲಿ ಬೆಳೆದವನು. ಅವನ ಜ್ಞಾನವನ್ನು ಕಂಡು ಬಸವಣ್ಣನವರು ಮಾವನೆಂಬ ಹಿರಿತನವನ್ನು ಬದಿಗಿಟ್ಟರು. ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿ, ಗುಡಿಗಳನ್ನು ಎತ್ತಿಸಿ, ಸಾವಿರಾರು ಜನರಿಂದ ಪೂಜೆಗೊಂಡ ಮಹಾಯೋಗಿ. ಅಂತಹವನು ಅಲ್ಲಮಪ್ರಭುವಿನೊಡನೆ ಕಲ್ಯಾಣಕ್ಕೆ ಬಂದು ಲಿಂಗದೀಕ್ಷೆಯನ್ನು ಪಡೆದದ್ದು ಈ ಕಿರಿಯನ ಕೈಯಿಂದಲೇ ಎಂದು ಶೂನ್ಯಸಂಪಾದನೆಯು ಸಾರುತ್ತದೆ. ಒಂದು ಸಮಾಜದ ಹಿರಿಯರು ತಮ್ಮ ಕಿರಿಯರನ್ನು ಮನ್ನಿಸಿದುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ಎಲ್ಲಿ ಹುಡುಕಬೇಕು?

ಮನ್ನಣೆಯೆಂದರೆ ಹೊಗಳಿಕೆಯೆಂದು ತಿಳಿಯುವವರೂ ಇದ್ದಾರೆ. ತರುಣಿಯಾದ ಅಕ್ಕಮಹಾದೇವಿಯು ಅನುಭವ ಮಂಟಪಕ್ಕೆ ಬಂದಾಗ ಪ್ರಭುದೇವರು ಆಕೆಯನ್ನು ಹೊಗಳಲಿಲ್ಲ. ಕಠಿಣವಾದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಕೇಳಿದರು. ಆಕೆಯ ಉತ್ತರಕ್ಕಾಗಿ ಇಡೀ ಸಭೆಯು ಕಾದು ಕುಳಿತಿತು. ಕೇಳಿದ ಪ್ರಶ್ನೆಗೆ ಉತ್ತರವನ್ನು ಕಾದು ಕೇಳಿಸಿಕೊಳ್ಳುವುದು ಶಾಲು ಹೊದಿಸುವುದಕ್ಕಿಂತ ಹೆಚ್ಚಿನ ಗೌರವ. ಇಂದಿನ ಮನೆಗಳಲ್ಲಿ ಹದಿನಾರರ ಮಕ್ಕಳನ್ನು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: 'ಎಷ್ಟು ಅಂಕ ಬಂತು?' ಹೆಣ್ಣುಮಗಳಾದರೆ ಅದರ ಜೊತೆಗೆ ಇನ್ನೊಂದು: 'ಮುಂದೆ ಓದಿಸುತ್ತೀರೋ, ಮದುವೆಯೋ?' ಈ ಎರಡನೆಯ ಪ್ರಶ್ನೆಯನ್ನು ಆಕೆಯನ್ನಲ್ಲ, ಆಕೆಯ ಎದುರಿನಲ್ಲಿಯೇ ಆಕೆಯ ತಂದೆಯನ್ನು ಕೇಳುತ್ತಾರೆ. ಅಕ್ಕನ ಹೆಸರಿನಲ್ಲಿ ಬಳಗವನ್ನು ಕಟ್ಟಿಕೊಂಡ ತಾಯಂದಿರು ಈ ಮಾತನ್ನು ವಿಚಾರಿಸಬೇಕು.

ಊರವರು ಕೂಡಿ ಊರ ಮಕ್ಕಳನ್ನು ಬೆಳೆಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಹಿಂದೆ ವಾರಾನ್ನವಿತ್ತು. ಓದುವ ಹುಡುಗನು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದನು. ಹೀಗೆ ಓದಿ ನಾಡಿಗೆ ಬೆಳಕಾದವರು ಅನೇಕರು. ಆದರೆ ಆ ಪದ್ಧತಿಯ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಮನೆಯ ಮಕ್ಕಳ ಪಂಕ್ತಿಯಲ್ಲಿ ಎಲೆ ಹಾಕಿಸಿ, 'ಇನ್ನಷ್ಟು ನೀಡಲೇನಪ್ಪಾ' ಎಂದು ಕೇಳುವ ತಾಯಂದಿರೂ ಇದ್ದರು. ಎಲ್ಲರೂ ಉಂಡೆದ್ದ ಮೇಲೆ ನಡುಮನೆಯ ಹೊರಗೆ ಕೂರಿಸಿ, ಉಣ್ಣುವ ಮೊದಲು ನಾಲ್ಕು ಕೊಡ ನೀರು ಸೇದಿಸಿಕೊಳ್ಳುವವರೂ ಇದ್ದರು. ಎರಡೂ ಮನೆಗಳಲ್ಲಿ ಅನ್ನ ಒಂದೇ. ಮೊದಲನೆಯದು ದಾಸೋಹ, ಎರಡನೆಯದು ಕೂಲಿ. ಉಂಡ ಹುಡುಗನಿಗೆ ಮಾತ್ರ ಇದರ ವ್ಯತ್ಯಾಸವು ಮುಪ್ಪಿನವರೆಗೂ ನೆನಪಿರುತ್ತಿತ್ತು.

ಈ ಸಂಕೋಚವನ್ನು ತಪ್ಪಿಸಿದುದೇ ಉಚಿತ ಪ್ರಸಾದ ನಿಲಯಗಳ ದೊಡ್ಡ ಉಪಕಾರ. ಹಲವು ಮನೆಗಳ ಕಾಳು ಒಂದು ಕೊಪ್ಪರಿಗೆಯಲ್ಲಿ ಬೆಂದಾಗ, ಇದು ಯಾರ ಮನೆಯ ಅನ್ನವೆಂದು ಹೇಳುವವರಿಲ್ಲ. ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ಧಾರವಾಡದಲ್ಲಿ 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಬಡಮಕ್ಕಳ ವಿದ್ಯೆಗಾಗಿ ಸಂಸ್ಥೆಯನ್ನು ಕಟ್ಟಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಆರಂಭಿಸಿದಾಗ, ಅವರ ಶಾಲೆಗೆ ಗಿಲಗಂಚಿ ಅರಟಾಳರ ಹೆಸರು ಬಂದಿತು. ಮನ್ನಣೆಯನ್ನು ಬಯಸದೆ ಕೊಟ್ಟವರಿಗೆ ಮನ್ನಣೆಯು ಹೀಗೆ ತಾನಾಗಿ ಬರುತ್ತದೆ.

ಸಿದ್ಧಗಂಗೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಶ್ರೀ ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 1941ರಲ್ಲಿ ಮಠದ ಭಾರವನ್ನು ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಭೇದವಿಲ್ಲದೆ ಮಕ್ಕಳನ್ನು ಸಾಕಿದರು. ಅವರ ಕೊನೆಗಾಲಕ್ಕೆ ಎಂಟು ಸಾವಿರಕ್ಕೂ ಮೇಲ್ಪಟ್ಟು ಮಕ್ಕಳು ಅಲ್ಲಿ ಉಂಡು ಓದುತ್ತಿದ್ದರು. ಇಷ್ಟು ಮಕ್ಕಳ ಅನ್ನವು ಬಂದುದಾದರೂ ಎಲ್ಲಿಂದ? ಸುಗ್ಗಿಯಾದೊಡನೆ ರಾಗಿಯನ್ನೂ ಭತ್ತವನ್ನೂ ತೆಂಗಿನಕಾಯಿಯನ್ನೂ ಮಠಕ್ಕೆ ಮುಟ್ಟಿಸಿದ ರೈತರಿಂದ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅಲ್ಲಿ ಬೆಳೆದ ಮಕ್ಕಳು ಪ್ರಸಾದವನ್ನು ಉಂಡುದಷ್ಟೇ ಅಲ್ಲ. ಕಸ ಗುಡಿಸಿದರು, ಬಡಿಸಿದರು, ಕಿರಿಯರನ್ನು ನೋಡಿಕೊಂಡರು. ಕೆಲಸವನ್ನು ಒಪ್ಪಿಸಿದುದರಿಂದಲೇ ಅವರು ಅಲ್ಲಿ ಪರರ ಮನೆಯ ಅತಿಥಿಗಳಾಗದೆ ಮಠದ ಮಕ್ಕಳಾದರು.

ಇನ್ನು ಊರೂರುಗಳಲ್ಲಿ ನಡೆಯುವ ಸನ್ಮಾನಗಳ ಮಾತು. ತರುಣ ಸಂಘದವರೂ ಅಕ್ಕನ ಬಳಗದವರೂ ಮನೆಮನೆಗೆ ತಿರುಗಿ ಹಣ ಕೂಡಿಸಿ ಮಕ್ಕಳಿಗೆ ಪುಸ್ತಕ ಕೊಡುವುದು, ಸಂಜೆಯ ಪಾಠ ನಡೆಸುವುದು, ಹೆಚ್ಚು ಅಂಕ ಪಡೆದವರಿಗೆ 'ಪ್ರತಿಭಾ ಪುರಸ್ಕಾರ' ಮಾಡುವುದು ಪ್ರಶಂಸನೀಯವೇ. ಆದರೆ ವೇದಿಕೆಯ ಮೇಲೆ ಯಾರಿಗೆ ಎಷ್ಟು ಹೊತ್ತು ಸಲ್ಲುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ದಾನಿಗಳ ಪರಿಚಯಕ್ಕೆ ಅರ್ಧ ತಾಸು, ಅವರಿಗೆ ಮಾಲೆ, ಅವರ ಆಶೀರ್ವಚನ. ಮಕ್ಕಳಿಗೆ ಹೆಸರು ಕೂಗಿದಾಗ ಬಂದು ಬಾಗಿ ಹೋಗುವಷ್ಟು ಸಮಯ. ಅವರು ಶಾಲನ್ನು ಸರಿಪಡಿಸಿಕೊಳ್ಳುವ ಮೊದಲೇ ಭಾವಚಿತ್ರ ತೆಗೆದಾಗಿರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ತಂದಲ್ಲಿಯೇ ಸುರಿದು ಬರಲು ಹೇಳಿದಳು. ಸನ್ಮಾನದ ಸಭೆಯಿಂದ ಮನೆಗೆ ಮರಳುವ ದಾನಿಯ ಉಡಿಯಲ್ಲಿ ಹೆಚ್ಚಿನ ಅಕ್ಕಿ ಎಷ್ಟಿದೆಯೆಂದು ನೋಡುವ ಲಕ್ಕಮ್ಮ ಇಂದು ಪ್ರತಿ ಮನೆಯಲ್ಲಿಯೂ ಬೇಕಾಗಿದ್ದಾಳೆ.

ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಬಯಲುಸೀಮೆಯ ಒಂದು ಗ್ರಾಮ, ಶ್ರಾವಣಮಾಸದ ಪುರಾಣ, ಕಡೆಯ ಸೋಮವಾರ ಪುರಾಣದ ಮಂಗಲ. ಮಠದ ಅಂಗಳದಲ್ಲಿ ಜನ ಕಿಕ್ಕಿರಿದಿದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಎಂಟು ಮಕ್ಕಳಿಗೆ ಸನ್ಮಾನವಾಯಿತು. ಅದೇ ಪರೀಕ್ಷೆಗೆ ಕುಳಿತಿದ್ದ ಒಬ್ಬ ಹುಡುಗನು ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. ಪುರಾಣ ನಡೆದ ತಿಂಗಳಿಡೀ ಜಮಖಾನೆ ಹಾಸಿದವನು, ನೀರು ತುಂಬಿದವನು, ಪಂಕ್ತಿಗೆ ಬಡಿಸಿದವನು, ಎಲ್ಲರೂ ಹೋದ ಮೇಲೆ ಕೊಪ್ಪರಿಗೆಗಳನ್ನು ತಿಕ್ಕಿಟ್ಟವನು ಅವನೇ. ಮಹಾಪ್ರಸಾದದ ಹೊತ್ತಿಗೆ ಅವನು ಕಾಣಲಿಲ್ಲ. ಅಕ್ಕನ ಬಳಗದ ಹಿರಿಯ ತಾಯಿಯೊಬ್ಬಳು ಹುಡುಕಿಕೊಂಡು ಹೋದಾಗ ಅಡುಗೆಮನೆಯ ಹಿಂದೆ ಕಟ್ಟಿಗೆಯ ರಾಶಿಯ ಬಳಿ ಕುಳಿತಿದ್ದನು.

"ಯಾಕೋ ತಮ್ಮಾ, ಪ್ರಸಾದಕ್ಕ ಬರಲಿಲ್ಲಲ್ಲ?"

"ಹಸಿವಿಲ್ಲವ್ವಾ," ಎಂದನು. ಸ್ವಲ್ಪ ಹೊತ್ತಿನ ಮೇಲೆ, "ಹೆಸರು ಓದೂ ಮುಂದ ನಮ್ಮವ್ವನೂ ಕುಂತಿದ್ಲು. ನಡುವs ಎದ್ದು ಮನೀಗೆ ಹೋದ್ಲು," ಎಂದನು.

ಆ ತಾಯಿಯು ಸಮಾಧಾನದ ಮಾತನ್ನೇನೂ ಆಡಲಿಲ್ಲ. ಆ ವಯಸ್ಸಿನವರಿಗೆ ಬರಿಯ ಸಮಾಧಾನವು ಹುಣ್ಣಿನ ಮೇಲೆ ಕೈಯಿಟ್ಟಂತೆ. ಆಕೆಯು ಸಂಜೆಯ ಪಾಠವನ್ನು ಹೇಳುವ ನಿವೃತ್ತ ಉಪಾಧ್ಯಾಯರನ್ನು ಕರೆತಂದಳು. ಅವರು ಹುಡುಗನ ಪಕ್ಕದಲ್ಲಿ ಕಟ್ಟಿಗೆಯ ಮೇಲೆಯೇ ಕುಳಿತು, "ಒಂದು ಚೀಲ ಅಕ್ಕಿಗೆ ಎಷ್ಟು ಮಂದಿ ಉಣ್ತಾರಪ್ಪಾ?" ಎಂದು ಕೇಳಿದರು.

"ಇಪ್ಪತ್ತೈದು ಕಿಲೋದ ಚೀಲಾದ್ರ ಇನ್ನೂರು ಮಂದಿ, ಸರ."

"ಆರುನೂರಾ ಐವತ್ತು ಮಂದಿ ಬಂದ್ರ?"

"ಮೂರು ಚೀಲ, ಮ್ಯಾಲೆ ಕಾಲು ಚೀಲ," ಎಂದು ಹುಡುಗನು ತಡೆಯದೆ ಹೇಳಿದನು.

ಉಪಾಧ್ಯಾಯರು ನಕ್ಕರು. ಮೂರು ವರ್ಷಗಳಿಂದ ಕರಿಹಲಗೆಯ ಮೇಲೆ ತ್ರೈರಾಶಿಯನ್ನು ಬರೆದು ಬರೆದು ಅಳಿಸಿದ್ದರು. ಅದು ಉಗ್ರಾಣದಲ್ಲಿ ಈ ಹುಡುಗನಿಗೆ ಕರಗತವಾಗಿದ್ದುದನ್ನು ಅವರು ನೋಡಿರಲಿಲ್ಲ. ಅನುತ್ತೀರ್ಣರಾದವರು ಯಾರೆಂಬುದನ್ನು ಆ ಗಳಿಗೆಯಲ್ಲಿ ಅವರೇ ಬಲ್ಲರು. ಅವನು ಮತ್ತೊಂದು ಸಲ ಪರೀಕ್ಷೆಗೆ ಕುಳಿತು ತೇರ್ಗಡೆಯಾದನೋ ಇಲ್ಲವೋ ಎಂಬುದು ಈ ಪ್ರಸಂಗಕ್ಕೆ ಮುಖ್ಯವಲ್ಲ. ಕುಳಿತುಕೊಳ್ಳಲು ಒಪ್ಪಿದನೆಂಬುದು ಮುಖ್ಯ.

ಅಂದು ಸಂಘದ ಹಿರಿಯರು ಕೂಡಿ ವಿಚಾರ ಮಾಡಿದರು. ಒಬ್ಬರು, ಉಳಿದ ಒಂದು ಶಾಲನ್ನು ಹೊದಿಸಿಬಿಡೋಣವೆಂದರು. ಹಿರಿಯ ತಾಯಿಯು ಬೇಡವೆಂದಳು. ಉಳಿದ ಶಾಲು ಉಳಿದವನಿಗೆ ಎಂಬಂತಾಗುತ್ತದೆ; ಹುಡುಗನಿಗೆ ಅದು ತಿಳಿಯದೆ ಇರದು. ಪ್ರತಿ ಅಮಾವಾಸ್ಯೆಯ ದಾಸೋಹದ ಉಗ್ರಾಣವನ್ನು ಅವನಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಕಾಳುಕಡಿಯ ಆಯವ್ಯಯವನ್ನು ಬರೆದಿಡುವವನು ಅವನೇ; ಬಂದವರೆಷ್ಟು, ಬೆಂದುದೆಷ್ಟು, ಉಳಿದುದೆಷ್ಟು ಎಂದು ತಿಂಗಳ ಸಭೆಯಲ್ಲಿ ಎದ್ದು ನಿಂತು ಓದಿ ಹೇಳುವವನೂ ಅವನೇ. ಲೆಕ್ಕ ತಪ್ಪಿದರೆ ದೊಡ್ಡವರನ್ನು ಕೇಳುವಂತೆ ಅವನನ್ನೂ ಕೇಳುವುದು.

ಕೀಲಿಯನ್ನು ಕೊಡಹೋದಾಗ ಹುಡುಗನು ಕೈ ಚಾಚಲಿಲ್ಲ. "ನಮ್ಮವ್ವಗ ನೀವs ಹೇಳ್ರಿ," ಎಂದನು.

ದೀಪ ಹಚ್ಚುವ ಹೊತ್ತಿಗೆ ಮೂವರು ಹಿರಿಯರು ಆ ಮನೆಗೆ ಹೋದರು. ಹುಡುಗನ ತಾಯಿಯು ಗಾಬರಿಯಿಂದ ಚಾಪೆ ಹಾಸಿ, ಕಾಲಿಗೆ ನೀರು ತಂದಿಟ್ಟಳು. ಮಗನು ಏನಾದರೂ ತಪ್ಪು ಮಾಡಿದನೆಂದೇ ಆಕೆಯ ಎಣಿಕೆ. ಹಿರಿಯ ತಾಯಿಯು ವಿಷಯವನ್ನು ತಿಳಿಸಿ ಉಗ್ರಾಣದ ಕೀಲಿಯನ್ನು ಆಕೆಯ ಕೈಯಲ್ಲಿಟ್ಟಳು. ಆಕೆಯು ಅದನ್ನು ಸೆರಗಿನಿಂದ ಒರೆಸಿ, ದೇವರ ಜಗಲಿಯ ಮೇಲೆ ವಿಭೂತಿಯ ಬಟ್ಟಲಿನ ಪಕ್ಕಕ್ಕಿಟ್ಟು, ಬಾಗಿಲಲ್ಲಿ ನಿಂತಿದ್ದ ಮಗನ ಕಡೆಗೆ ತಿರುಗಿ, "ಅಮಾಸಿ ಯಾವಾಗೈತೋ?" ಎಂದು ಕೇಳಿದಳು.