ಡೊಂಕು ನೆಲ

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಇಪ್ಪತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡು ಓಡಾಡಿದ್ದೇನೆ.

1994ರಲ್ಲಿ ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ, ಅಪ್ಪ ಪುಸ್ತಕಕ್ಕೆಂದು ಕಳಿಸಿದ ದುಡ್ಡಿಗೆ ಮೆಸ್ಸಿನಲ್ಲಿ ಉಳಿಸಿದ್ದನ್ನು ಸೇರಿಸಿ 1,800 ರೂಪಾಯಿಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಆಂಪ್ಲಿಫೈಯರಿಗೆ ದುಡ್ಡು ಉಳಿಯಲಿಲ್ಲ. ಗೆಳೆಯನ ಟೇಪ್‌ರೆಕಾರ್ಡರಿನ ಮೈಕಿನ ತೂತಿಗೆ ವಯರು ಸಿಕ್ಕಿಸಿ ನುಡಿಸುತ್ತಿದ್ದೆ. ನುಡಿಸುತ್ತಿದ್ದೆ ಅನ್ನುವುದು ದೊಡ್ಡ ಮಾತು. ಮೂರು ತಿಂಗಳು ಎಡಗೈ ಬೆರಳ ತುದಿಗಳು ಕೆಂಪಾದವು, ಬೊಕ್ಕೆ ಎದ್ದವು, ಒಡೆದವು, ಕೊನೆಗೆ ಜಡ್ಡುಗಟ್ಟಿದವು. ಪುಸ್ತಕದ ಚಿತ್ರದಲ್ಲಿ ಚುಕ್ಕೆ ಇಟ್ಟ ಜಾಗದಲ್ಲೇ ಬೆರಳಿಟ್ಟರೂ ಬರುತ್ತಿದ್ದದ್ದು ಅಪಶ್ರುತಿ. ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಿದ್ದರು. ನನಗೆ ಕೈಯೂ ಇಲ್ಲ, ಕಿವಿಯೂ ಇಲ್ಲ ಎಂದು ತೀರ್ಮಾನಿಸಿ ಅದನ್ನು ಹಳೇ ಲುಂಗಿಯಲ್ಲಿ ಸುತ್ತಿಟ್ಟೆ. ಗಿಟಾರ್ ಸರಿಯಿಲ್ಲವೇನೋ ಎಂಬ ಅನುಮಾನ ಒಮ್ಮೆ ಬಂದಿತ್ತು. ಆಗಲೇ ಗಾದೆ ನೆನಪಾಗಿ ನಾಚಿಕೆಯಾಯಿತು.

2016ರಲ್ಲಿ ಮನೆ ಬದಲಿಸುವಾಗ ಆ ಲುಂಗಿಯ ಗಂಟು ಮತ್ತೆ ಕೈಗೆ ಬಂತು. ಮಾರಿಬಿಡೋಣವೆಂದು ಬೆಂಗಳೂರಿನ ಒಬ್ಬ ರಿಪೇರಿಯವರ ಬಳಿ ಒಯ್ದೆ. ಅವರು ಒಂದು ಕಣ್ಣು ಮುಚ್ಚಿ, ಬಡಗಿ ರೀಪರಿನ ನೇರ ನೋಡುವ ಹಾಗೆ, ಗಿಟಾರಿನ ನೆಕ್ ಉದ್ದಕ್ಕೂ ಕಣ್ಣು ಹಾಯಿಸಿದರು. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ, ಅಂದರೆ ನೆಕ್ಕಿನ ಅಡ್ಡಪಟ್ಟಿಯ, ಮೇಲೆ ಸಣ್ಣ ಸ್ಟೀಲ್ ಸ್ಕೇಲು ನಿಲ್ಲಿಸಿದರು. ಅಲ್ಲಿ ತಂತಿ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದಲ್ಲಿರಬೇಕು. ನನ್ನದು ಐದರ ಹತ್ತಿರ ಇತ್ತು.

“ಇದ್ರಲ್ಲಿ ಕಲಿತಿದ್ರೆ ನಿಮ್ಮನ್ನ ಸರ್ಕಸ್ಸಿಗೆ ಸೇರಿಸ್ಬೇಕಿತ್ತು ಸರ್” ಅಂದರು.

ತಂತಿ ಫ್ರೆಟ್ಟಿನಿಂದ ಎತ್ತರ ನಿಂತಷ್ಟೂ ಅದನ್ನು ಒತ್ತಿ ಕೆಳಗೆ ತರುವಾಗ ಹೆಚ್ಚು ಎಳೆದಂತಾಗುತ್ತದೆ. ಎಳೆದ ತಂತಿಯ ಶ್ರುತಿ ಏರುತ್ತದೆ. ಹಾಗಾಗಿ ಬೆರಳು ಸರಿಯಾದ ಮನೆಯಲ್ಲೇ ಕೂತಿದ್ದರೂ ಸ್ವರ ಮೇಲಕ್ಕೆ ಜಾರಿರುತ್ತದೆ. ಆರು ತಂತಿಗಳ ಎಳೆತ ಸೇರಿದರೆ ಸುಮಾರು 40 ಕೆ.ಜಿ. ಆಗುತ್ತದೆ, ಅಷ್ಟು ಭಾರವನ್ನು ತಡೆಯುತ್ತ ನಿಂತ ಮರದ ಪಟ್ಟಿ ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಅದನ್ನು ಹಿಂದಕ್ಕೆ ಎಳೆದಿಡಲೆಂದೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ. ಅಲೆನ್ ಕೀಯಿಂದ ಅದನ್ನು ಕಾಲು ಸುತ್ತು, ಅರ್ಧ ಸುತ್ತು ಬಿಗಿಮಾಡಬೇಕು, ಬುಡದ ಕಡೆ ತಂತಿಗಳನ್ನು ಹೊತ್ತ ಬ್ರಿಡ್ಜ್ ತಗ್ಗಿಸಬೇಕು, ತಲೆಯ ಕಡೆಯ ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳನ್ನು ಅರದಿಂದ ಚೂರು ಆಳ ಮಾಡಬೇಕು. ಒಂದು ಗಂಟೆಯ ಕೆಲಸ. ಬಲ್ಲವರ ಒಂದು ಗಂಟೆ ಸಿಗದೆ ನಾನು ನನ್ನನ್ನೇ ಸಂಗೀತ ಬಾರದವನೆಂದು ಇಪ್ಪತ್ತೆರಡು ವರ್ಷ ಬರೆದಿಟ್ಟಿದ್ದೆ.

ಮೊದಲು ಸಮಾಧಾನವಾಯಿತು, ಬೆನ್ನಿಗೇ ಸಿಟ್ಟು ಬಂತು. ರಿಪೇರಿಯಾದ ಗಿಟಾರನ್ನು ಮಾರದೆ ಮನೆಗೆ ತಂದು ಕೂತೆ. ಈಗ ನೆಲ ಸಮವಾಗಿತ್ತು. ಕುಣಿತ ಆಗಲೂ ಬರಲಿಲ್ಲ. ಎರಡು ವಾರದಲ್ಲೇ ನನ್ನ ಹಳೆಯ ಚಾಳಿಗಳು ಒಂದೊಂದಾಗಿ ಬಯಲಾದವು: ಬಂದ ಪಾಠವನ್ನೇ ಮತ್ತೆ ಮತ್ತೆ ನುಡಿಸಿ ಬಾರದ್ದನ್ನು ದಾಟಿಹೋಗುವುದು, ಲಯ ತಪ್ಪಿದಲ್ಲಿ ವೇಗ ಹೆಚ್ಚಿಸುವುದು. ನೆಲವೂ ಡೊಂಕು, ಕುಣಿಯಲೂ ಬಾರದು. ಎರಡೂ ಒಟ್ಟಿಗೆ ನಿಜವಾಗಿರಬಹುದೆಂದು ಗಾದೆ ಕಟ್ಟಿದವರು ಯಾಕೆ ಯೋಚಿಸಲಿಲ್ಲವೋ. ಬಹುಶಃ ಅವರು ನೋಡಿದ್ದು ಕುಣಿತ ಬಲ್ಲವರನ್ನೇ. ಬಲ್ಲವಳು ನೆಲವನ್ನು ದೂರಿದರೆ ಅದು ನೆಪ. ಮೊದಲ ದಿನ ಗೆಜ್ಜೆ ಕಟ್ಟಿದವಳು ದೂರಿದರೆ? ಎಡವಿದ್ದು ಕಾಲೋ ನೆಲವೋ ಎಂದು ಅವಳಿಗೇ ಗೊತ್ತಿರುವುದಿಲ್ಲ. ಹೊಸಬರ ನಿಜವಾದ ಬಡತನ ಇದು. ಬೆರಳು ತಿರುಗದಿರುವುದು ಆಮೇಲಿನ ಮಾತು. ತಪ್ಪು ಎಲ್ಲಿದೆ ಎಂದು ತಿಳಿಯುವ ಉಪಾಯವೇ ಅವರ ಕೈಯಲ್ಲಿರುವುದಿಲ್ಲ.

ಹೋದ ವರ್ಷ ಸಾಗರದಿಂದ ಅಕ್ಕ ಫೋನ್ ಮಾಡಿ, ಮಗಳು ಎಲೆಕ್ಟ್ರಿಕ್ ಗಿಟಾರೇ ಬೇಕೆಂದು ಹಟ ಹಿಡಿದಿದ್ದಾಳೆ ಎಂದಾಗ ಇದೆಲ್ಲ ಮತ್ತೆ ಎದುರಿಗೆ ಬಂತು. ಹುಡುಗಿಗೆ ಹದಿನಾಲ್ಕು. ಇಪ್ಪತ್ತು ಸಾವಿರದ ಒಳಗೆ ಮುಗಿಸಬೇಕೆಂದು ಅಕ್ಕನ ಕಟ್ಟಪ್ಪಣೆ. ಮನೆಯಲ್ಲಿ ಆಗಲೇ ಸಲಹೆಗಳು ಬಂದು ಬಿದ್ದಿದ್ದವು. ಭಾವನದು, ಮೊದಲು ಸಾದಾ ಗಿಟಾರಿನಲ್ಲಿ ಕೈ ನೋಯಿಸಿಕೊಂಡು ಕಲಿಯಲಿ, ಆಮೇಲೆ ಕರೆಂಟಿನದು ನೋಡೋಣ ಎಂಬ ವಾದ. ನಮ್ಮಲ್ಲಿ ಈ ವಾದಕ್ಕೆ ಬಹಳ ಮರ್ಯಾದೆ. ನೋವಿಗೆ ತನ್ನಷ್ಟಕ್ಕೇ ಕಲಿಸುವ ಶಕ್ತಿಯಿದೆ ಎಂದು ನಂಬಿದ ಜನ ನಾವು. ನನ್ನ ಮೂರು ತಿಂಗಳ ಬೊಕ್ಕೆಗಳು ನನಗೆ ಕಲಿಸಿದ್ದು ಸುಳ್ಳನ್ನು. ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳು; ಬೆರಳಿಗೆ ಅಷ್ಟು ಕಷ್ಟ ಕೊಡುವುದಿಲ್ಲ. ಹುಡುಗಿಗೆ ಬೇಕಾದ ಹಾಡುಗಳೂ ಅದರದ್ದೇ. ಬೇಡದ ವಾದ್ಯದಲ್ಲಿ ತಪಸ್ಸು ಮಾಡಿಸಿ ಬೇಕಾದ ವಾದ್ಯವನ್ನು ಬಹುಮಾನವಾಗಿ ತೋರಿಸುವುದು, ನನ್ನ ಕಣ್ಣಿಗೆ, ಕಲಿಕೆಗೆ ಸುಂಕ ಹಾಕಿದ ಹಾಗೆ.

ಈ ವಿಷಯದಲ್ಲಿ ನನ್ನ ಅಮ್ಮನ ವೀಣೆಯ ಪಾಠ ನೆನಪಾಗುತ್ತದೆ. ಅಮ್ಮ ಮದುವೆಗೆ ಮುಂಚೆ ನಾಲ್ಕು ವರ್ಷ ಕಲಿತಿದ್ದಳು. ಮೊದಲ ಎರಡು ವರ್ಷ ಬಿರಡೆ ಮುಟ್ಟಲು ಮೇಷ್ಟರು ಬಿಟ್ಟಿರಲೇ ಇಲ್ಲವಂತೆ. ತಾವೇ ಬಂದು ಕೂತು, ಶ್ರುತಿ ಸೇರಿಸಿ, ಒಮ್ಮೆ ಮೀಟಿ ನೋಡಿ, ಆಮೇಲೆ ವೀಣೆಯನ್ನು ಅವಳ ಮುಂದೆ ಇಡುತ್ತಿದ್ದರು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಅವು ಜಾರಿದರೆ ಮತ್ತೆ ಕೂರಿಸಲು ಬಲ್ಲವರನ್ನೇ ಕರೆಸುತ್ತಿದ್ದರು. ಅಮ್ಮ ಇದನ್ನು ಮೇಷ್ಟರ ಬಿಗಿತನದ ಕಥೆಯಾಗಿ ಹೇಳುತ್ತಿದ್ದಳು. ಈಗ ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಅಪಸ್ವರ ಬಂದರೆ ಅದು ಕಲಿಯುವವಳದ್ದೇ ಆಗಿರಬೇಕು, ಬೇರೆ ಯಾರದ್ದೂ ಆಗಿರಬಾರದು ಎಂದು ಆ ಮನುಷ್ಯ ದಿನಾ ಕಾಲು ಗಂಟೆ ನೆಲ ಸಮ ಮಾಡುತ್ತಿದ್ದರು. ಮೊಬೈಲ್ ನೋಡಿ ಒಬ್ಬರೇ ಕಲಿಯುವ ಇಂದಿನ ಮಕ್ಕಳಿಗೆ ಪಾಠಕ್ಕೇನೂ ಕೊರತೆಯಿಲ್ಲ. ಇಲ್ಲದಿರುವುದು ಈ ಕಾಲು ಗಂಟೆ.

ನೆಲ ಸಮ ಮಾಡುವವರಿಗೆ ಕುಣಿತ ಬರಲೇಬೇಕೆಂದೇನೂ ಇಲ್ಲ ಅನ್ನುವುದಕ್ಕೂ ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ನುಡಿಸುವವರನ್ನು ಕರೆದು ಅವರ ದೂರುಗಳನ್ನು ಕೇಳುತ್ತಿದ್ದ. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರಿನ ನೆಕ್ಕನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದಿತ್ತು. 1954ರ ಅವನ ಸ್ಟ್ರಾಟೊಕಾಸ್ಟರಿನ ರೂಪವನ್ನು ಇವತ್ತಿಗೂ ಅಂಗಡಿಯ ಅಗ್ಗದ ಗಿಟಾರುಗಳಲ್ಲಿ ಸಾಲುಸಾಲಾಗಿ ನೋಡಬಹುದು. ದೂರನ್ನು ನೆಪವೆಂದು ತಳ್ಳಿಹಾಕದೆ ಸ್ಕ್ರೂಡ್ರೈವರ್ ಹಿಡಿದು ಕೇಳಿಸಿಕೊಂಡ ಮನುಷ್ಯ.

ಗಿಟಾರ್ ಕೊಳ್ಳಲು ಅಕ್ಕನ ಮಗಳೊಂದಿಗೆ ಹೋದ ಬೆಂಗಳೂರಿನ ಅಂಗಡಿಯಲ್ಲಿ ಅವಳ ಕಣ್ಣು ನೇರವಾಗಿ ಹೋಗಿ ನಿಂತದ್ದು ಒಂದು ಕಪ್ಪು, ಚೂಪು ಮೂಲೆಗಳ ಗಿಟಾರಿನ ಮೇಲೆ. ಅಂಗಡಿಯ ಹುಡುಗ ಅದನ್ನು ದೊಡ್ಡ ಆಂಪಿಗೆ ಸಿಕ್ಕಿಸಿ, ಡಿಸ್ಟಾರ್ಷನ್ ಏರಿಸಿ ಒಂದು ಬಾರಿ ಬಾರಿಸಿದ. ಗಾಜು ಅದುರಿತು. ಡಿಸ್ಟಾರ್ಷನ್ ಎಂಬುದು ಮದುವೆಮನೆಯ ಮೇಕಪ್ಪಿನ ಹಾಗೆ. ಮೆಲ್ಲಗೆ ಮೀಟಿದ್ದನ್ನೂ ಜೋರಾಗಿ ಮೀಟಿದ್ದನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಅದನ್ನು ತೆಗೆದು ಬರೀ ಸದ್ದು ಕೇಳಿಸಪ್ಪ ಅಂದೆ. ಅವನಿಗೆ ಅಷ್ಟು ಇಷ್ಟವಾಗಲಿಲ್ಲ.

ಆ ಕಪ್ಪು ಗಿಟಾರಿನ ಬ್ರಿಡ್ಜ್ ಫ್ಲಾಯ್ಡ್ ರೋಸ್ ಜಾತಿಯದು. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಸ್ಪ್ರಿಂಗುಗಳ ಎಳೆತ, ನಡುವೆ ತಕ್ಕಡಿಯಂತೆ ತೂಗಿನಿಂತಿರುತ್ತದೆ. ಬಲ್ಲವರ ಕೈಯಲ್ಲಿ ಸ್ವರವನ್ನು ಪಾತಾಳಕ್ಕೆ ಇಳಿಸಿ ಮತ್ತೆ ಎತ್ತಿ ತರುತ್ತದೆ. ಹೊಸಬರು ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದ ಐದೂ ಜಾರುತ್ತವೆ. ಅವನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ಹೋಗಿರುತ್ತದೆ. ಡೊಂಕು ನೆಲವಾದರೂ ನಿಂತಲ್ಲೇ ನಿಂತಿರುತ್ತದೆ, ಇದು ತೇಲುವ ನೆಲ. ಹುಡುಗಿಗೆ ಹೇಳಿದೆ. ಮುಖ ಸಣ್ಣದು ಮಾಡಿಕೊಂಡಳು.

ಕೊನೆಗೆ ಆರಿಸಿದ್ದು ಬ್ರಿಡ್ಜ್ ಕದಲದ, ಎರಡು ಪಿಕಪ್ಪಿನ, ತಿಳಿಹಸಿರು ಬಣ್ಣದ ಗಿಟಾರ್. ಬಣ್ಣದ ಆಯ್ಕೆ ಪೂರ್ತಿ ಅವಳದು. ನಾನು ಬಾಯಿ ಹಾಕಲಿಲ್ಲ. ವೀಣೆಗಾದರೆ ಹಲಸಿನ ಮರದ ಗುಣ ನೋಡಬೇಕು. ಇಲ್ಲಿ ಉಕ್ಕಿನ ತಂತಿಯ ಅದುರುವಿಕೆಯನ್ನು ಹಿಡಿಯುವುದು ಪಿಕಪ್ಪು, ಅಂದರೆ ಅಯಸ್ಕಾಂತಕ್ಕೆ ಸುತ್ತಿದ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮರದ ಜಾತಿಯ ಬಗ್ಗೆ ಮೊದಲ ವರ್ಷ ತಲೆ ಕೆಡಿಸಿಕೊಳ್ಳುವುದಕ್ಕಿಂತ ಗೋಡೆಯ ಮೇಲೆ ತೂಗುಹಾಕಿದ್ದು ಕಣ್ಣಿಗೆ ಬಿದ್ದಾಗ ಎತ್ತಿಕೊಳ್ಳಬೇಕು ಅನ್ನಿಸುವುದು ಮೇಲು. ಗಿಟಾರಿಗೆ ಹದಿಮೂರು ಸಾವಿರ, ಸಣ್ಣ ಆಂಪಿಗೆ ನಾಲ್ಕೂವರೆ, ಉಳಿದದ್ದರಲ್ಲಿ ವಯರು, ಎರಡು ಸೆಟ್ ತಂತಿ, ಮತ್ತೆ ಅದೇ ಹಳೆಯ ರಿಪೇರಿಯವರ ಒಂದು ಗಂಟೆ. ಹೊಸ ಗಿಟಾರಿಗೂ ರಿಪೇರಿಯೇ ಎಂದು ಭಾವ ಫೋನಿನಲ್ಲೇ ಗೊಣಗಿದರು.

ರಿಪೇರಿಯವರು ಸ್ಕೇಲು ಹಿಡಿದು, ಅರ ಹಾಕಿ, ತಿರುಪಿ, ಎಲ್ಲ ಮುಗಿದ ಮೇಲೆ ಒಂದೊಂದೇ ಕಾರ್ಡ್ ನುಡಿಸಿ ತೋರಿಸಿದರು. ಆಂಪಿಗೆ ಸಿಕ್ಕಿಸಿದ ಗಿಟಾರ್ ಕೈ ಬಿಟ್ಟಾಗ ಸಣ್ಣಗೆ ಗುಂಯ್ ಅನ್ನುವುದು, ತಂತಿ ಮುಟ್ಟಿದೊಡನೆ ತಣ್ಣಗಾಗುವುದು ಕೇಳಿ ಹುಡುಗಿ ನಾಲ್ಕೈದು ಸಲ ಮುಟ್ಟಿ ಬಿಟ್ಟು ಆಟವಾಡಿದಳು. ಆಮೇಲೆ ಮೊಬೈಲ್ ತೆಗೆದು ಅವರು ನುಡಿಸಿದ್ದನ್ನು ವಿಡಿಯೊ ಮಾಡಿಕೊಂಡಳು.

ಊರಿಗೆ ಹೋಗುವ ದಾರಿಯಲ್ಲಿ ಅವಳಿಗೆ ಗಿಟಾರಿಸ್ಟ್ ಟೋನಿ ಅಯೋಮಿಯ ಕಥೆ ಹೇಳಿದೆ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಹದಿನೇಳನೇ ವಯಸ್ಸಿಗೆ, ತಗಡಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನು ಎಡಚ, ಅಂದರೆ ಹೋದದ್ದು ತಂತಿ ಒತ್ತುವ ಬೆರಳುಗಳೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ತುದಿಗಳಿಗೆ ಟೋಪಿ ಮಾಡಿಕೊಂಡ. ಆ ಬೆರಳಿಗೆ ಒಗ್ಗುವಷ್ಟು ತೆಳು ತಂತಿ ಗಿಟಾರಿಗೆ ಸಿಗದೆ ಬ್ಯಾಂಜೊ ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ತಗ್ಗಿಸಿ ತಂತಿ ಸಡಿಲ ಮಾಡಿಕೊಂಡ. ಅವನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಆ ಭಾರವಾದ ಸದ್ದಿನ ಹಿಂದೆ ಇದೂ ಇದೆ. ಕಾಲು ಡೊಂಕಾದವನು ನೆಲವನ್ನು ತನ್ನ ಕಾಲಿಗೆ ತಕ್ಕಂತೆ ಬಗ್ಗಿಸಿಕೊಂಡ. ಹಾಗೆ ಬಗ್ಗಿಸಲು, ಯಾವುದು ಎಲ್ಲಿ ಡೊಂಕು ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಹುಡುಗಿ ಕಥೆ ಕೇಳಿ, “ಅವನ ಗಿಟಾರೂ ಕಪ್ಪೇ ಇರ್ಬೇಕು” ಅಂದಳು. ಕಪ್ಪು ಗಿಟಾರನ್ನು ಇನ್ನೂ ಮರೆತಿರಲಿಲ್ಲ.

ದೀಪಾವಳಿಗೆ ಸಾಗರಕ್ಕೆ ಹೋದಾಗ ಅವಳು ಎಫ್ ಕಾರ್ಡಿಗೆ ಬಂದಿದ್ದಳು. ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಅದುಮಬೇಕಾದ, ಗಿಟಾರ್ ಕಲಿಯುವವರಲ್ಲಿ ಅನೇಕರು ವಾದ್ಯ ಮೂಲೆಗಿಡುವ ಜಾಗ ಅದು. ರಾತ್ರಿ ಊಟದ ಹೊತ್ತಿಗೆ ಕರೆಂಟು ಹೋಯಿತು. ಆಂಪ್ ಆರಿದರೂ ಅವಳ ಕೋಣೆಯೊಳಗಿನಿಂದ ಸೊಳ್ಳೆಯ ದನಿಯಷ್ಟು ಸಣ್ಣಗೆ ತಂತಿಯ ಸದ್ದು ಬರುತ್ತಲೇ ಇತ್ತು. ಪ್ರತಿ ಸಲವೂ ನಡುವಿನ ಎರಡು ತಂತಿ ಝರ್ ಅನ್ನುತ್ತಿದ್ದವು. ನಾನು ಮೇಣದಬತ್ತಿ ಹಿಡಿದು ಹೋಗಿ ಬಾಗಿಲಲ್ಲಿ ನಿಂತೆ.

“ಮಾಮ, ಇದು ನಂದಾ, ಗಿಟಾರಿಂದಾ?”

ಕೊಡು ನೋಡೋಣ ಎಂದು ಈಸಿಕೊಂಡು ಹಿಡಿದೆ. ನಂದೂ ಝರ್ ಅಂದಿತು. ಅವಳು ನಗಲಿಲ್ಲ. ಮೊಬೈಲ್ ತೆಗೆದು ಆ ವಿಡಿಯೊ ಹುಡುಕಿದಳು. ಅದೇ ತಿಳಿಹಸಿರು ಗಿಟಾರ್, ಅದೇ ತಂತಿ, ರಿಪೇರಿಯವರ ದಪ್ಪ ಬೆರಳು, ಎಫ್ ಕಾರ್ಡ್. ಆರು ತಂತಿಯೂ ಗಂಟೆಯ ಹಾಗೆ ನುಡಿದವು. ಎರಡು ಸಲ ನೋಡಿದಳು. ಮೊಬೈಲನ್ನು ಚಾಪೆಯ ಮೇಲೆ ಬೋರಲು ಹಾಕಿ, ನನ್ನ ಕೈಯಿಂದ ಗಿಟಾರ್ ಇಸಿದುಕೊಂಡು, ಹೆಬ್ಬೆರಳನ್ನು ನೆಕ್ಕಿನ ಹಿಂದೆ ಚೂರು ಕೆಳಗೆ ಸರಿಸಿ ಮತ್ತೆ ಅದುಮಿದಳು.