ಬಡ ಎಂಜಿನ್ನಿನ ಬೆರಗು

ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಇರುವ ಎಂಜಿನ್ನಿನಲ್ಲಿ ಮೊದಲನೆಯ ಪಿಸ್ಟನ್ನೂ ಆರನೆಯದೂ ಜೊತೆಯಾಗಿ ಏರಿಳಿಯುತ್ತವೆ. ಎರಡನೆಯದಕ್ಕೆ ಐದನೆಯದು ಜೊತೆ, ಮೂರನೆಯದಕ್ಕೆ ನಾಲ್ಕನೆಯದು. ಈ ಮೂರು ಜೋಡಿಗಳು ಕ್ರ್ಯಾಂಕಿನ ಮೇಲೆ 120 ಡಿಗ್ರಿ ದೂರದೂರ ನಿಂತಿವೆ. ಏರ್ಪಾಟು ಇಷ್ಟೇ. ಆದರೆ ಇಷ್ಟರಿಂದಲೇ ಆರು ಪಿಸ್ಟನ್ನುಗಳು ಮೇಲಕ್ಕೂ ಕೆಳಕ್ಕೂ ಎಸೆಯುವ ಬಲಗಳೆಲ್ಲ ಒಂದನ್ನೊಂದು ತೀರಿಸಿಕೊಂಡು, ಎಂಜಿನ್ನು ನಡುಗದೆ ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರ್ ಇರುವುದರಲ್ಲಿ, ಬೇರೆ ಏರ್ಪಾಟು ಮಾಡದಿದ್ದರೆ, ಒಂದು ಸಣ್ಣ ನಡುಕ ಉಳಿದೇ ಉಳಿಯುತ್ತದೆ. ಆರಕ್ಕೆ ಆ ನೆಮ್ಮದಿ ಹುಟ್ಟಿನಿಂದಲೇ ಬಂದಿದೆ.

ಇಂಥ ಸೊಗಸಾದ ಗಣಿತ ಅಮೆರಿಕದಲ್ಲಿ ಹೋಗಿ ಸೇರಿದ್ದು ಮೇವು, ಇಟ್ಟಿಗೆ, ಹಾಲಿನ ಕ್ಯಾನು ಹೊರುವ ಲಾರಿಗಳನ್ನು. ಷೆವರ್ಲೆ ಕಂಪನಿ 1929ರ ಮಾದರಿಗಳಲ್ಲಿ ಆರು ಸಿಲಿಂಡರಿನ ಎಂಜಿನ್ನನ್ನು ನಾಲ್ಕರ ಬೆಲೆಗೇ ಕೊಡುತ್ತೇವೆಂದು ಸಾರಿ ಮಾರಿತು. ಅದರ ಬಲ 46 ಅಶ್ವಶಕ್ತಿ. ಒಲೆಗೆ ಹಾಕುವ ಬೋಲ್ಟಿನಂಥ ಬೋಲ್ಟುಗಳಿದ್ದುದರಿಂದ ಜನ ಅದನ್ನು ‘ಸ್ಟೋವ್‌ಬೋಲ್ಟ್’ ಎಂದು ಕರೆದರು. 1940ರ ದಶಕದ ಕೊನೆಗೆ ಷೆವರ್ಲೆ ಪಿಕಪ್ಪಿನಲ್ಲಿದ್ದ 216 ಘನ ಅಂಗುಲದ ಎಂಜಿನ್ನು 90 ಅಶ್ವಶಕ್ತಿ ಕೊಡುತ್ತಿತ್ತು. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಒತ್ತಡದ ಆಯಿಲ್ ಕೂಡ ಇರಲಿಲ್ಲ; ತಿರುಗುವಾಗ ರಾಡಿನ ತುದಿಯೇ ಆಯಿಲ್ ಮೊಗೆದು ತನಗೆ ಬೇಕಾದ್ದನ್ನು ಹೊಂದಿಸಿಕೊಳ್ಳುತ್ತಿತ್ತು. ಬಡವರ ಮನೆಯ ಎಂಜಿನ್ನು ಅದು. ಅದನ್ನು ಬಿಚ್ಚಿ, ತೇದು, ಹೊಂದಿಸಿ, ಮತ್ತಷ್ಟು ಉಸಿರಾಡುವಂತೆ ಮಾಡುವ ಜನ ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಕೆಲಸ ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಉಸಿರಾಟವೇ ಆ ಎಂಜಿನ್ನಿನ ಕಷ್ಟ. ಸಿಲಿಂಡರ್ ಆರಿದ್ದರೂ ಗಾಳಿ ಒಳಗೆ ಹೋಗುವ ಬಾಯಿ ಮೂರೇ. ಒಂದು ಮತ್ತು ಎರಡು, ಮೂರು ಮತ್ತು ನಾಲ್ಕು, ಐದು ಮತ್ತು ಆರು, ಹೀಗೆ ಎರಡೆರಡು ಮನೆಗೆ ಒಂದೊಂದು ನಲ್ಲಿ. ಎಂಜಿನ್ನು ಉರಿಯುವ ಸರದಿ 1-5-3-6-2-4. ಇದನ್ನು ಕಾಗದದ ಮೇಲೆ ಬರೆದು ನೋಡಿ. ನಡುವಿನ ಜೋಡಿ ಸಮ ಅಂತರದಲ್ಲಿ ಗಾಳಿ ಹೀರುತ್ತದೆ. ತುದಿಯ ಜೋಡಿಗಳಿಗೆ ಆ ಭಾಗ್ಯವಿಲ್ಲ. ಎರಡನೆಯ ಸಿಲಿಂಡರ್ ಇನ್ನೇನು ಹೀರಿ ಮುಗಿಸುವ ಹೊತ್ತಿಗೇ ಒಂದನೆಯದು ಅದೇ ಬಾಯಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಆರೂ ಸಿಲಿಂಡರುಗಳಿಗೆ ಗಾಳಿ ಮತ್ತು ಪೆಟ್ರೋಲಿನ ಪಾಲು ಸಮನಾಗಿ ಸಿಗುವುದಿಲ್ಲ. ಮೂರು ಬಾಯಿಗೆ ಮೂರು ಕಾರ್ಬುರೇಟರ್ ಹಾಕುವ ಆಸೆ ಇಲ್ಲಿಂದಲೇ ಹುಟ್ಟಿತು. 1953ರಲ್ಲಿ ಫ್ಲಿಂಟ್ ಊರಿನಲ್ಲಿ ತಯಾರಾದ ಮೊದಲ 300 ಕಾರ್ವೆಟ್ ಕಾರುಗಳಲ್ಲಿ ಷೆವರ್ಲೆ ಮಾಡಿದ್ದೂ ಇದನ್ನೇ. ಮೊದಲು 1941ರಲ್ಲಿ ದೊಡ್ಡ ಲಾರಿಗಳಿಗೆಂದು ಬಂದ 235 ಘನ ಅಂಗುಲದ ವಂಶದ ಎಂಜಿನ್ನಿಗೆ ಮೂರು ಕಾರ್ಬುರೇಟರ್ ಕೂರಿಸಿ 150 ಅಶ್ವಶಕ್ತಿ ತೆಗೆದರು. ಅಮೆರಿಕದ ಹೆಮ್ಮೆಯ ಆ ಸ್ಪೋರ್ಟ್ಸ್ ಕಾರಿನ ಮೊದಲ ಎಂಜಿನ್ನು ಲಾರಿಯ ಬಂಧು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಹೊಗೆಯ ಕಡೆಗೆ ಬಂದರೆ ಅದೇ ಸರದಿ ಬೇರೆಯೇ ಮುಖ ತೋರುತ್ತದೆ. 1-5-3-6-2-4 ರಲ್ಲಿ ಒಂದು ಮುಂದಿನ ಮೂರರದು, ಐದು ಹಿಂದಿನ ಮೂರರದು, ಮೂರು ಮತ್ತೆ ಮುಂದಿನದು, ಆರು ಹಿಂದಿನದು. ಕೊನೆಯವರೆಗೂ ಹೀಗೇ, ಒಂದು ಸಲವೂ ತಪ್ಪದೆ. ಆದ್ದರಿಂದ ಮುಂದಿನ ಮೂರು ಸಿಲಿಂಡರಿಗೆ ಒಂದು ಕೊಳವೆ, ಹಿಂದಿನ ಮೂರಕ್ಕೆ ಇನ್ನೊಂದು ಕೊಳವೆ ಎಂದು ಬೇರ್ಪಡಿಸಿದರೆ ಎರಡರಲ್ಲೂ ಸಮಸಮವಾದ ಲಯ ಸಿಗುತ್ತದೆ. ಮ್ಯಾನಿಫೋಲ್ಡನ್ನು ಹೀಗೆ ಒಡೆದು ಎರಡು ಸೈಲೆನ್ಸರ್ ಹಾಕಿದ ಹಳೆಯ ಪಿಕಪ್ಪಿನ ದನಿಗೆ ಮನಸೋತವರು ಬಹಳ. ಆ ದನಿ ಕ್ರ್ಯಾಂಕಿನಲ್ಲಿ ಮೊದಲಿನಿಂದಲೂ ಇತ್ತು. ಕೊಳವೆ ಬೇರ್ಪಡಿಸಿದ ಮೇಲೆ ಕಿವಿಗೆ ಬಿತ್ತು. ನಮ್ಮ ಗ್ಯಾರೇಜಿನ ಮೇಸ್ತ್ರಿಗಳಿಗೂ ಈ ಸರದಿ ಹೊಸದಲ್ಲ: 1954ರಲ್ಲಿ ಜಮ್‌ಶೆಡ್‌ಪುರದಿಂದ ಹೊರಟ ಟಾಟಾ-ಬೆಂಜ್ ಲಾರಿಯ ಡೀಸೆಲ್ ಎಂಜಿನ್ನೂ ಸಾಲು ಆರೇ, ಉರಿಯುತ್ತಿದ್ದುದೂ ಇದೇ ಕ್ರಮದಲ್ಲಿ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಷೆವರ್ಲೆಯ 1960ರ ದಶಕದ 230, 250, 292 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್ನುಗಳ ಮೇಲೆ ನಡೆಯುವ ಒಂದು ಕೆಲಸ. ಇವುಗಳಲ್ಲೂ ಬಾಯಿ ಮೂರೇ, ಸಾಲದ್ದಕ್ಕೆ ಗಾಳಿಯ ದಾರಿಯ ನಟ್ಟನಡುವೆ ಹೆಡ್ ಬೋಲ್ಟಿನ ದಪ್ಪ ಕಂಬ. ಕೈಕೆಲಸ ಬಲ್ಲವರು ಆ ಕಂಬವನ್ನು ಕೊರೆದು ತೆಗೆಯುತ್ತಾರೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ, ದಾರಿಯ ತಳದಲ್ಲಿ ಲೋಹದ ಒಂದು ಉಬ್ಬನ್ನು ತಂದು ಕೂರಿಸುತ್ತಾರೆ. ದಾರಿ ಕಿರಿದಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ವಾಲ್ವಿನ ಕಡೆಗೆ ತಟ್ಟನೆ ತಿರುಗಲಾರದೆ ಚದುರುತ್ತಿದ್ದ ಗಾಳಿ, ಉಬ್ಬಿನ ಬೆನ್ನು ಹತ್ತಿ ಮೆಲ್ಲಗೆ ಬಾಗಿ ಇಳಿಯುತ್ತದೆ, ಮೊದಲಿಗಿಂತ ಹೆಚ್ಚೇ ಒಳಗೆ ಹೋಗುತ್ತದೆ. ಕಣ್ಣಿಗೆ ಕಾಣದ ಗಾಳಿಯ ಮನಸ್ಸು ತಿಳಿದು ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಪ್ರಯೋಗಾಲಯದವರಲ್ಲ, ಗ್ಯಾರೇಜಿನವರು. ಗಾಳಿ ಹೇಗೆ ತಿರುಗುತ್ತದೆ ಎಂದು ಇಷ್ಟು ತಾಳ್ಮೆಯಿಂದ ಕೇಳುವುದನ್ನು ನಾನು ಪೂಜೆಯೆಂದೇ ಎಣಿಸುತ್ತೇನೆ.

ಅರ್ಜೆಂಟೀನಾದ ಬಾಲ್ಕಾರ್ಸೆ ಊರಿನ ಮೆಕ್ಯಾನಿಕ್ ಹುವಾನ್ ಮ್ಯಾನುಯೆಲ್ ಫಾಂಜಿಯೋ ಕೂಡ ಈ ಬಳಗಕ್ಕೆ ಸೇರಿದವರೇ. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಲಿಮಾಕ್ಕೆ ಹೋಗಿ ಮರಳುವ, ಸುಮಾರು 9,500 ಕಿಲೋಮೀಟರಿನ ರಸ್ತೆ ಪಂದ್ಯವನ್ನು ಅವರು ಗೆದ್ದದ್ದು ಆರು ಸಿಲಿಂಡರಿನ ಷೆವರ್ಲೆಯಲ್ಲಿ. ಫಾರ್ಮುಲಾ ಒನ್‌ನ ಐದು ವಿಶ್ವ ಪ್ರಶಸ್ತಿಗಳು ಬಂದದ್ದು ಆಮೇಲೆ.

1955ರಲ್ಲಿ ಷೆವರ್ಲೆಯ ಎಂಟು ಸಿಲಿಂಡರಿನ ಹೊಸ ವಿ8 ಬಂತು. ಚಿಕ್ಕದು, ಹಗುರ, ಬಲಕ್ಕೆ ಕೊರತೆಯಿಲ್ಲ. ಹಳೆಯ ಪಿಕಪ್ಪುಗಳಿಂದ ಆರನ್ನು ಕಿತ್ತು ಎಂಟನ್ನು ಕೂರಿಸುವುದೇ ರೂಢಿಯಾಯಿತು. ಬರಿಯ ವೇಗ ಬೇಕಿದ್ದವರಿಗೆ ಅದು ಸರಿಯಾದ ದಾರಿ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೂ ಕೆಲವರು ಆರನ್ನು ಬಿಟ್ಟುಕೊಡಲಿಲ್ಲ. ಷೆವರ್ಲೆಯಂತೆ ಫೋರ್ಡಿನ 300 ಘನ ಅಂಗುಲದ ಆರನ್ನೂ ಅವರು ಕಾಪಾಡಿಕೊಂಡು ಬಂದರು. 1965ರಲ್ಲಿ ಬಂದ ಅದು, ಟೈಮಿಂಗ್ ಚೈನಿನ ಹಂಗಿಲ್ಲದೆ ಗೇರಿನಿಂದಲೇ ಕ್ಯಾಮ್ ತಿರುಗಿಸಿಕೊಂಡು, 1996ರವರೆಗೆ ಪಿಕಪ್ಪುಗಳಲ್ಲಿ ದುಡಿಯಿತು. ಇರುವುದನ್ನು ಎಸೆಯದೆ, ಅದರ ಮಿತಿಯನ್ನೇ ಹಿಡಿದು ಕಲಿತವರಿಗೆ ಎಂಜಿನ್ನು ತನ್ನ ಒಳಗನ್ನು ತೋರಿಸುತ್ತದೆ. ವಿ8 ಕೂರಿಸಿಕೊಂಡವರಿಗೆ ಬಲ ಸಿಕ್ಕಿತು. ಇವರಿಗೆ ಬಲದ ಜೊತೆ ತಿಳಿವೂ ಸಿಕ್ಕಿತು ಎಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿರುವ ಕನ್ನಡಿಗರೇ, ಯಾವುದಾದರೂ ಊರಿನ ಹಳೆಯ ವಾಹನಗಳ ಮೇಳದಲ್ಲಿ 1950ರ ಸುಮಾರಿನ ಷೆವರ್ಲೆ ಪಿಕಪ್ ಕಂಡರೆ, ಬಾನೆಟ್ ಎತ್ತಿ ತೋರಿಸಿ ಎಂದು ಮಾಲೀಕರನ್ನು ಕೇಳಿ. ಎಂಜಿನ್ನಿನ ಎಡಗಡೆಯ ಮ್ಯಾನಿಫೋಲ್ಡು ನೋಡಿ, ಹೆಡ್ಡಿಗೆ ಸೇರುವ ಬಾಯಿಗಳನ್ನು ಎಣಿಸಿ. ಏಳಿರುತ್ತವೆ: ಹೊಗೆಗೆ ನಾಲ್ಕು, ಗಾಳಿಗೆ ಮೂರು. ಆಮೇಲೆ ಏನೇನು ಬದಲಾಯಿಸಿದ್ದೀರಿ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಅಲ್ಲಿಂದ ಕದಲಬೇಡಿ.